ನಿಂತ ಗಡಿಯಾರದ ಬಿಗಿ

ರಾಜಗೋಪಾಲನಗರ, ಪೀಣ್ಯ
ಬುಧವಾರ, 12-2-2025, ಮಧ್ಯಾಹ್ನ

ಪ್ರೀತಿಯ ಅಪ್ಪಾಜಿ,

ನಿಮ್ಮ ಸಣ್ಣ ಮಗಳು ಮಹಾದೇವಿಯ ಶರಣು. ಹೇಗಿದ್ದೀರಿ? ಕಾಲಿನ ಬಾವು ಇಳಿಯಿತೇ? ಬಚ್ಚಲಿಗೆ ಹೋಗುವಾಗ ಹಗಲಾದರೂ ದೀಪ ಹಾಕಿಕೊಂಡೇ ಹೋಗುತ್ತಿದ್ದೀರಿ ತಾನೆ? ಅಲ್ಲಿನ ಕಲ್ಲಿಗೆ ಪಾಚಿ ಹಿಡಿದಿದೆ ಎಂದು ಸಂಕ್ರಾಂತಿಗೆ ಹೊಸಪೇಟೆಗೆ ಬಂದಾಗಲೇ ದೇವಕ್ಕನಿಗೆ ಹೇಳಿದ್ದೆ. ಅವಳು "ನಿಂದೊಂದು ಕಥಿ, ಕಲ್ಲು ಕಂಡ್ರೂ ಭಯ, ನೀರು ಕಂಡ್ರೂ ಭಯ" ಎಂದು ನಕ್ಕಳು. ನಗಲಿ. ಉಜ್ಜಿದಳೋ ಇಲ್ಲವೋ ನೀವೇ ಕಾಲಿನಿಂದ ಮುಟ್ಟಿ ನೋಡಿ. ಅಲ್ಲ, ಕಾಲಿನಿಂದ ಬೇಡ, ಜಾರೀತು. ಕೋಲಿನಿಂದ ನೋಡಿ.

ಫೋನು ಇರುವಾಗ ಕಾಗದ ಯಾಕೆ ಎಂದು ನೀವು ಗಾಬರಿಯಾಗುತ್ತೀರಿ, ಗೊತ್ತು. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ ಅಂತ ದೇವಕ್ಕ ಸ್ಪೀಕರ್ ಹಾಕುತ್ತಾಳೆ, ಆಮೇಲೆ ನಾನು ಅಂದದ್ದು ಎದುರುಮನೆಯವರಿಗೂ ಕೇಳುತ್ತದೆ. ನಾನು ಹೇಳಬೇಕಾದ ಒಂದು ಮಾತು ಇದೆ, ಅದು ನಿಮಗೊಬ್ಬರಿಗೇ. ಅದನ್ನು ಕೊನೆಗೆ ಬರೆಯುತ್ತೇನೆ, ಮೊದಲೇ ಬರೆದರೆ ಮುಂದಿನದನ್ನು ನೀವು ಓದದೇ ಹೋದೀರಿ ಎಂಬ ಹೆದರಿಕೆ. ದಯವಿಟ್ಟು ಇದನ್ನು ಅಕ್ಕನ ಕೈಯಲ್ಲಿ ಓದಿಸಬೇಡಿ. ಅದಕ್ಕೆಂದೇ ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು, ದೊಡ್ಡ ದೊಡ್ಡ ಅಕ್ಷರ ಮಾಡಿದ್ದೇನೆ. ಗಡಿಯಾರದ ಅಂಗಡಿಯಲ್ಲಿ ಹಾಕಿಕೊಳ್ಳುತ್ತಿದ್ದ ಆ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು, ಬೆಳಕಿಗೆ ಬೆನ್ನು ಕೊಟ್ಟು ಕೂತು ನಿಧಾನವಾಗಿ ಓದಿ. ಏಳನೇ ಕ್ಲಾಸಿಗೇ ಸ್ಲೇಟು ಬಿಟ್ಟು ನಿಮ್ಮ ಪಕ್ಕ ಸ್ಟೂಲು ಹಾಕಿಕೊಂಡವಳು ನಾನು, ಒತ್ತು ದೀರ್ಘ ತಪ್ಪಿದ್ದರೆ ಸರಿ ಮಾಡಿಕೊಳ್ಳಿ.

ಇವತ್ತು ನಮ್ಮ ಏರಿಯಾದಲ್ಲಿ ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಕರೆಂಟಿಲ್ಲ, ಯಾವುದೋ ಲೈನಿನ ಕೆಲಸವಂತೆ. ಯೂನಿಟ್ಟಿಗೆ ರಜೆ. ನಮ್ಮ ಬೀದಿಯ ಎಲ್ಲಾ ಪ್ರೆಸ್ಸು, ಲೇತು, ಗ್ರೈಂಡರು ಒಟ್ಟಿಗೆ ಸುಮ್ಮನಾಗಿವೆ. ಇಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದರೂ ಈ ಸದ್ದಿಲ್ಲದಿರುವುದು ನನಗೆ ಒಗ್ಗುವುದಿಲ್ಲ. ಏನೋ ಆಗಲಿಕ್ಕಿದೆ ಅನ್ನಿಸುತ್ತದೆ. ಬೆಳಗಿನಿಂದ ಮೂರು ಸಲ ಗ್ಯಾಸಿನ ತಿರುಪು ಮುಟ್ಟಿ ನೋಡಿದ್ದೇನೆ. ನೀವೂ ಅಲ್ಲಿ ಹಾಗೇ ಮಾಡುತ್ತೀರಂತೆ. ಚಿಲಕ ಹಾಕಿ ಎರಡು ಹೆಜ್ಜೆ ನಡೆದು "ಹಾಕಿದ್ನೇನವ್ವಾ ನಾನು?" ಎಂದು ಅಕ್ಕನನ್ನು ಕೇಳುತ್ತೀರಂತೆ. ಅಪ್ಪನ ಗುಣ ಸಣ್ಣವಳಿಗೆ ಬಂದಿದೆ ಅನ್ನುತ್ತಾಳೆ ಅವಳು. ಆದರೆ ಮೊದಲು ನೀವು ಹಾಗಿರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಅಂಗಡಿಗೆ ಬೀಗ ಹಾಕಿದರೆ ತಿರುಗಿ ನೋಡದೆ ಸೈಕಲ್ ಹತ್ತುತ್ತಿದ್ದಿರಿ.

ಅಕ್ಕ ಭಾನುವಾರ ಫೋನ್ ಮಾಡಿ ಅತ್ತಳು. ಬರುವ ಗುರುವಾರ, ಇಪ್ಪತ್ತನೇ ತಾರೀಕು, ನಿಮ್ಮ ಬಲಗಣ್ಣಿನ ಪೊರೆ ತೆಗೆಯಲು ಡಾಕ್ಟರಮ್ಮ ದಿನ ಕೊಟ್ಟಿದ್ದಾರೆ, ನೀವು ಒಲ್ಲೆ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದೀರಿ. ನೀವು ಅಂದದ್ದನ್ನು ಅಕ್ಕ ಹಾಗೆಹಾಗೇ ಹೇಳಿದಳು. "ಸ್ಪ್ರಿಂಗಿನ ಬಿಗಿ ಇಳಿಸ್ದೆ ಗಡಿಯಾರ ಬಿಚ್ಬಾರ್ದು ಅಂತ ಊರಿಗೆಲ್ಲ ಹೇಳ್ತಿದ್ದಾವ ನಾನು. ಇಪ್ಪತ್ತೈದು ವರ್ಷ ಅದೇ ಕೆಲ್ಸ ಮಾಡ್ದಾವ. ಅಂಥಾ ನಾನೇ ಒಂದಿನ ಮರ್ತು ಕಣ್ಣು ಕಳ್ಕಂಡೆ. ದಿನಕ್ಕೆ ಇಪ್ಪತ್ತು ಕಣ್ಣು ಕೊಯ್ಯೋ ಆಯಮ್ಮ ಮರೆಯಲ್ಲ ಅಂತ ಹೆಂಗ್ ನಂಬ್ಲಿ? ನಂಗಿರೋದು ಒಂದೇ." ಹೀಗೇ ಬಿಟ್ಟರೆ ದೀಪಾವಳಿ ಹೊತ್ತಿಗೆ ದೀಪ ಕಾಣಿಸುವುದಿಲ್ಲ ಎಂದು ಡಾಕ್ಟರಮ್ಮ ಅಂದರಂತೆ. ಅಕ್ಕನಿಗೆ ನಿಮ್ಮ ಮಾತಿಗೆ ಎದುರು ಮಾತು ಹೊಳೆಯಲಿಲ್ಲ. ನನಗೆ ಹೊಳೆಯಿತು. ಹೊಳೆದದ್ದಕ್ಕೇ ಫೋನು ಇಟ್ಟುಬಿಟ್ಟೆ.

ಇರಲಿ, ಮೊದಲು ಗಡಿಯಾರದ ಸುದ್ದಿ. ಸಂಕ್ರಾಂತಿಗೆ ಬಂದಾಗ ನೀವು ಆ ಬಿಸ್ಕತ್ತಿನ ತಗಡಿನ ಡಬ್ಬಿ ನನ್ನ ಮಡಿಲಿಗೆ ಹಾಕಿ "ಒಯ್ದು ತೂಕಕ್ಕೆ ಹಾಕವ್ವಾ, ನಾನು ಮುಟ್ಟಲ್ಲ" ಎಂದಿರಿ. ಬಸ್ಸಿನಲ್ಲಿ ಇಡೀ ದಾರಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ತೆರೆಯಲು ಧೈರ್ಯವಿರಲಿಲ್ಲ. ಒಳಗೆ ಏನಿದೆ ಎಂದು ತೆರೆಯದೆಯೂ ಗೊತ್ತಿತ್ತು. ನಮ್ಮ ಹರಪನಹಳ್ಳಿ ಅಂಗಡಿಗೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಕೊಟ್ರಪ್ಪನವರು ತಂದಿದ್ದ ಅವರ ತಾತನ ಕಾಲದ ಬೆಳ್ಳಿಯ ಜೇಬುಗಡಿಯಾರ. ಮೂವತ್ತೊಂದು ವರ್ಷದ ಹಿಂದೆ ನಿಮ್ಮ ಎಡಗಣ್ಣು ತೆಗೆದ ಗಡಿಯಾರ. ಆಮೇಲೆ ಕೊಟ್ರಪ್ಪನವರು "ರಕ್ತ ಕಂಡಿದ್ದು ನಮ್ಮನೆಗೆ ಬ್ಯಾಡ" ಎಂದು ತೆಗೆದುಕೊಳ್ಳಲೇ ಇಲ್ಲ. ನೀವು ಬಿಸಾಡಲೂ ಇಲ್ಲ, ಮುಟ್ಟಲೂ ಇಲ್ಲ. ಅಂದಿನಿಂದ ಸೆಲ್ ಹಾಕುವುದು, ಬೆಲ್ಟ್ ಹಾಕುವುದು, ಅಷ್ಟೇ ಮಾಡಿಕೊಂಡು, ಕೊನೆಗೆ ಅದನ್ನೂ ಬಿಟ್ಟಿರಿ.

ಡಬ್ಬಿ ತೆರೆದೆ. ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿದ ಗಡಿಯಾರ, ಬೇರೆಯಾಗಿದ್ದ ಬ್ಯಾರಲ್, ಅದೇ ಸ್ಪ್ರಿಂಗನ್ನು ಒಳಗೆ ಇಟ್ಟುಕೊಳ್ಳುವ ಆ ಪುಟ್ಟ ಹಿತ್ತಾಳೆ ಡಬ್ಬಿ, ಮೂರು ತುಂಡಾದ ಸ್ಪ್ರಿಂಗ್. ಮೂಲೆಯಲ್ಲಿ ಒಂದು ಹುಣಸೆ ಬೀಜ. ಅದನ್ನು ನೀವು ಇಟ್ಟುಕೊಂಡಿರುತ್ತೀರಿ ಎಂದು ನಾನು ಎಣಿಸಿರಲಿಲ್ಲ ಅಪ್ಪಾಜಿ.

ಬೀಜದ ಪದ್ಧತಿ ನಮ್ಮ ಅಂಗಡಿಯಲ್ಲಿ ಮಾತ್ರ ಇದ್ದದ್ದು. ಯಾವುದೇ ಗಡಿಯಾರದ ಸ್ಪ್ರಿಂಗಿನ ಬಿಗಿ ಇಳಿಸಿದ ಕೂಡಲೇ ಅದರ ಬಲಕ್ಕೆ ಒಂದು ಹುಣಸೆ ಬೀಜ ಇಡುತ್ತಿದ್ದಿರಿ. ಗಿರಾಕಿ ಬಂದರೂ, ಟೀಗೆ ಎದ್ದರೂ, ತಿರುಗಿ ಬಂದು ಕೂತಾಗ ಬೀಜ ಇದ್ದರೆ ಬಿಚ್ಚಬಹುದು, ಇಲ್ಲದಿದ್ದರೆ ಕೈ ಹಾಕಬಾರದು. ಅವತ್ತು ಬೀಜ ಇತ್ತು. ಇದ್ದರೂ ಬಿಗಿ ಇಳಿದಿರಲಿಲ್ಲ, ಬಿಚ್ಚಿದ ಕೂಡಲೇ ಸ್ಪ್ರಿಂಗ್ ಸಿಡಿದು ಕಣ್ಣಿಗೆ ಹೊಡೆಯಿತು. ಆಸ್ಪತ್ರೆಯ ಮಂಚದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೀವು ಅವ್ವನಿಗೆ ಅಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. "ಅಭ್ಯಾಸಬಲ ಕಣೇ. ಕೈ ಬೀಜ ಇಟ್ಟೈತಿ, ಬಿಗಿ ಇಳಿಸಿಲ್ಲ." ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಬಾಗಿಲ ಹತ್ತಿರ ಟೀ ಫ್ಲಾಸ್ಕು ಹಿಡಿದು ನಿಂತಿದ್ದೆ.

ಹೋಗಲಿ. ಈ ಗಡಿಯಾರವನ್ನು ಓಡಿಸಿ ತಂದು ನಿಮ್ಮ ಕೈಯಲ್ಲಿಟ್ಟರೆ ನೀವು ಮತ್ತೆ ಗಡಿಯಾರ ಮುಟ್ಟೀರಿ, ಬೇರೆ ಏನನ್ನೂ ಹೇಳುವ ಪ್ರಸಂಗ ಬರಲಿಕ್ಕಿಲ್ಲ ಎಂದು ಆಗ ನನ್ನ ಲೆಕ್ಕಾಚಾರ. ನಾನು ಕೆಲಸ ಮಾಡುವುದು ಸ್ಪ್ರಿಂಗ್ ಯೂನಿಟ್ಟಿನಲ್ಲಿ, ಹನ್ನೆರಡು ವರ್ಷದಿಂದ ಚೆಕ್ಕಿಂಗ್ ಟೇಬಲ್ಲು. ಪಂಪಿನ ಸ್ಪ್ರಿಂಗು, ಸ್ವಿಚ್ಚಿನ ಸ್ಪ್ರಿಂಗು, ದಿನಕ್ಕೆ ಸಾವಿರಾರು ನನ್ನ ಬೆರಳಿನಲ್ಲಿ ಹಾದುಹೋಗುತ್ತವೆ. ಗಡಿಯಾರದ್ದೇನು ಮಹಾ ಅನ್ನಿಸಿತು. ತುಂಡಾದ ಹಳೆಯದನ್ನು ನಮ್ಮ ಮೈಕ್ರೋಮೀಟರಿನಲ್ಲಿ ಅಳೆದೆ. ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಹದಿನೇಳು ಪಾಲು. ನಮ್ಮಲ್ಲಿ ಇದ್ದ ಸ್ಟೀಲ್ ಪಟ್ಟಿ ಇಪ್ಪತ್ತು ಪಾಲು. ಮೂರು ಪಾಲು ಹೆಚ್ಚು, ಕೂದಲಿಗಿಂತ ಕಡಿಮೆ. ನಮ್ಮ ಟೇಬಲ್ಲಿನಲ್ಲಿ ಅಷ್ಟು ಹೆಚ್ಚುಕಡಿಮೆಗೆ ಕಣ್ಣು ಮುಚ್ಚಿ ಪಾಸ್ ಅನ್ನುತ್ತೇವೆ. ಅನ್ನಬಾರದಿತ್ತು. ಪಟ್ಟಿಯನ್ನು ಅಗಲಕ್ಕೆ ಸೀಳಿಸಿ, ಅಂಚನ್ನು ಸಾಣೆಕಲ್ಲಿನಲ್ಲಿ ತೀಡಿ, ತುದಿಗೆ ಕೊಕ್ಕೆ ಬಾಗಿಸಿ, ಒಂದೊಂದೇ ಸುತ್ತು ಬ್ಯಾರಲಿನೊಳಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಇಳಿಸಿದೆ. ಚಕ್ರ ಹಿಂದಕ್ಕೆ ತಿರುಗದಂತೆ ಹಿಡಿಯುವ ತಡೆಹಲ್ಲು ಅವತ್ತೇ ಮುರಿದಿತ್ತಲ್ಲ, ಅದನ್ನು ಟೂಲ್‌ರೂಮಿನಲ್ಲಿ ಹೊಸದಾಗಿ ಮಾಡಿಸಿದೆ. ನನ್ನ ಪಕ್ಕ ಕೂರುವ ಬೈರಮ್ಮ ಊಟದ ಹೊತ್ತಿಗೆ ಬಗ್ಗಿ ನೋಡಿ, "ಏನಕ್ಕಾ ಇದು, ಇಷ್ಟುದ್ದ ಹಾವನ್ನ ಇಷ್ಟಗಲ ಡಬ್ಬೀಲಿ ಮಲಗಿಸ್ತಿದ್ದೀಯಾ? ಹಲ್ಲು ಕಿತ್ತಿದ್ದೀಯಾ ಇಲ್ವಾ?" ಎಂದಳು. ಅವಳು ತಮಾಷೆಗೆ ಅಂದಳು. ನಾನು ಊಟದ ಡಬ್ಬಿ ಮುಚ್ಚಿಟ್ಟೆ.

ಕೀ ಕೊಟ್ಟೆ. ಗಡಿಯಾರ ಓಡಿತು, ಆದರೆ ಆ ಓಟ ಕೇಳಬೇಕಿತ್ತು ನೀವು. ಟಿಕ್ ಟಿಕ್ ಅಲ್ಲ, ಟಾಂಗಾ ಕುದುರೆ ಬೆದರಿ ಓಡಿದ ಹಾಗೆ ಟಕಟಕ ಟಕಟಕ. ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಮುಂದೆ ಹೋಯಿತು. ಸ್ಪ್ರಿಂಗಿನ ಬಲಕ್ಕೆ ಒಳಗೆ ಏನು ಮುರಿಯುತ್ತದೋ, ಮುಚ್ಚಳ ಎಲ್ಲಿ ಹಾರುತ್ತದೋ. ನಿಲ್ಲಿಸಲು ಗೊತ್ತಿತ್ತು, ಕೈ ಬರಲಿಲ್ಲ. ದಪ್ಪ ಟವಲಿನಲ್ಲಿ ಸುತ್ತಿ, ಅನ್ನದ ತಪ್ಪಲೆಯೊಳಗೆ ಇಟ್ಟು, ಮುಚ್ಚಳ ಹಾಕಿ, ಮೇಲೆ ಒಳಕಲ್ಲಿನ ಗುಂಡು ಹೇರಿದೆ. ನಿಮ್ಮ ಅಳಿಯಂದಿರು ಬಂದು, "ತಪ್ಲೇಲಿ ಏನೋ ಓಡ್ತಿದೆ ಮಾರಾಯ್ತಿ, ಇವತ್ತು ಅನ್ನ ಎಲ್ಲಿ ಬೇಯಿಸ್ತೀಯಾ?" ಎಂದರು. ಎರಡು ದಿನ ಉಪ್ಪಿಟ್ಟು ತಿಂದೆವು. ಯೂನಿಟ್ಟಿನಲ್ಲಿ ಕೂತರೂ ಮನಸ್ಸೆಲ್ಲ ತಪ್ಪಲೆಯಲ್ಲಿ. ಯಾರಾದರೂ ಕಬ್ಬಿಣ ಬೀಳಿಸಿದರೆ ಸ್ಟೂಲು ಬಿಟ್ಟು ಏಳುತ್ತಿದ್ದೆ.

ಮೂರನೇ ದಿನ ಶನಿವಾರ ಮಧ್ಯಾಹ್ನ ಸದ್ದು ನಿಂತಿತ್ತು. ಇವರು "ಸತ್ತೋಯ್ತು ಬಿಡು, ಬಿಚ್ಚು" ಎಂದರು. ಆಗ ನಿಮ್ಮ ಮಾತು ನೆನಪಾಯಿತು. ಮೊದಲ ದಿನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನೀವು ಹೇಳಿಕೊಟ್ಟದ್ದು ಅದೊಂದೇ. "ನಿಂತ ಗಡಿಯಾರ ಅಂದ್ರೆ ಖಾಲಿ ಗಡಿಯಾರ ಅಲ್ಲವ್ವಾ. ನಿಂತಿದ್ರೂ ಒಳಗ ಬಿಗಿ ಇರ್ತೈತಿ. ಎಷ್ಟು ವರ್ಷ ಆದ್ರೂ ಇರ್ತೈತಿ." ನನ್ನ ಕನ್ನಡಕ ಹಾಕಿಕೊಂಡೆ, ಅದರ ಮೇಲೆ ಯೂನಿಟ್ಟಿನ ಸೇಫ್ಟಿ ಕನ್ನಡಕ. ಬಾಗಿಲ ಬೆಳಕಿಗೆ ಬಿಳಿ ಟವಲು ಹಾಸಿದೆ. ಇವರನ್ನು ದೂರ ಹೋಗಿ ಎಂದರೆ ಹೋಗಲಿಲ್ಲ, ಊಟದ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು ಎದುರು ಕೂತರು. ನಗು ಬರಬೇಕಿತ್ತು. ಬರಲಿಲ್ಲ. ಗಡಿಯಾರದ ಹಿಂಬದಿ ತೆರೆದು, ಕೀ ಕೊಡುವ ಗುಂಡಿಯನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದೆ. ಇನ್ನೊಂದು ಕೈಯಲ್ಲಿ ಬಿದಿರು ಕಡ್ಡಿಯಿಂದ ತಡೆಹಲ್ಲನ್ನು ಹಿಂದಕ್ಕೆ ಸರಿಸಿದೆ. ಗುಂಡಿ ಬೆರಳಿನಲ್ಲಿ ತಾನಾಗಿಯೇ ತಿರುಗಲು ಹತ್ತಿತು ಅಪ್ಪಾಜಿ. ಬಿಡಿಸಿಕೊಳ್ಳಲು ಒದ್ದಾಡುವ ಮೊಲದ ಕಿವಿ ಹಿಡಿದ ಹಾಗಿತ್ತು. ಬಿಟ್ಟರೆ ಕೆಟ್ಟೆ. ಸ್ವಲ್ಪ ಸ್ವಲ್ಪ, ಸ್ವಲ್ಪ ಸ್ವಲ್ಪ, ಬೆವರಿನಲ್ಲಿ ಜಾರದಂತೆ ಬಿಟ್ಟುಕೊಟ್ಟೆ. ಕೊನೆಗೆ ಗುಂಡಿ ಸುಮ್ಮನಾಯಿತು.

ಮೂವತ್ತೊಂದು ವರ್ಷದ ಮೇಲೆ ಒಂದು ಬಿಗಿ ಇಳಿಸಿದ್ದೆ. ಉಸಿರು ಬಿಟ್ಟು ಟವಲು ನೋಡುತ್ತೇನೆ, ಗಡಿಯಾರದ ಬಲಕ್ಕೆ ಹುಣಸೆ ಬೀಜ ಇದೆ. ನಾನೇ ಡಬ್ಬಿಯಿಂದ ತೆಗೆದು ಇಟ್ಟಿದ್ದೆ. ಯಾವಾಗ ಇಟ್ಟೆನೋ ತಿಳಿಯದು. ಕೈ ಮೊದಲು ಬಿಗಿ ಇಳಿಸುತ್ತದೆ, ಆಮೇಲೆ ಬೀಜಕ್ಕೆ ಹೋಗುತ್ತದೆ. ಬೆರಳಿನಲ್ಲಿ ಗುಂಡಿ ಸುಮ್ಮನಾದದ್ದು ತಿಳಿದ ಮೇಲೆಯೇ ಹೋಗುತ್ತದೆ. ಸುಮ್ಮಸುಮ್ಮನೆ ಹೋಗುವುದಿಲ್ಲ. ನಿಮ್ಮ ಪಕ್ಕ ಐದು ವರ್ಷ ಕೂತು ಕಲಿತ ನನ್ನ ಕೈಯೇ ಹೀಗೆಂದರೆ, ಕಲಿಸಿದ ಕೈ ಹೇಗಿದ್ದೀತು? ಮಾರನೆಯ ದಿನವೇ ಅಕ್ಕ ಫೋನ್ ಮಾಡಿ ಅತ್ತದ್ದು.

ಸೋಮವಾರ ಯೂನಿಟ್ಟಿಗೆ ರಜೆ ಹಾಕಿ ಅವೆನ್ಯೂ ರಸ್ತೆಯ ಒಂದು ಗಲ್ಲಿಗೆ ಹೋಗಿ ಹಳೇ ಗಡಿಯಾರದ ಸಾಮಾನು ಮಾರುವವರನ್ನು ಹುಡುಕಿದೆ. ನಿಮ್ಮ ವಯಸ್ಸಿನವರು. ನನ್ನ ಸ್ಟೀಲ್ ಪಟ್ಟಿಯನ್ನು ಬೆರಳಿನಲ್ಲಿ ಬಾಗಿಸಿ ನೋಡಿ, "ಯಾರಮ್ಮ ಹಾಕಿದ್ದು ಇದನ್ನ? ಗಡಿಯಾರಕ್ಕಾ, ಮಿಕ್ಸಿಗಾ?" ಎಂದರು. ನಾನೇ ಎಂದೆ. ದಪ್ಪ ಇಷ್ಟೇ ಇಷ್ಟು ಹೆಚ್ಚಿದರೂ ಬಲ ಒಂದೂವರೆ ಪಟ್ಟಾಗುತ್ತದೆ ಎಂದು ಅವರು ತಿಳಿಸಿಕೊಟ್ಟರು. ಹದಿನೇಳರದ್ದೇ ಒಂದು ಹಳೆಯ ಸ್ಪ್ರಿಂಗ್, ಎಣ್ಣೆ ಕಾಗದದಲ್ಲಿ ಸುತ್ತಿದ್ದು, ಅವರಲ್ಲಿ ಸಿಕ್ಕಿತು. ನಿನ್ನೆ ಸಂಜೆ ಅದನ್ನು ಇಳಿಸಿ, ಕೊಕ್ಕೆಯನ್ನು ಬ್ಯಾರಲಿನ ಗೋಡೆಗೆ ಸಿಕ್ಕಿಸಿ, ಒಂದು ಹನಿ ಎಣ್ಣೆ ಬಿಟ್ಟು ಮುಚ್ಚಿದೆ. ಈಗ ಬರೆಯುವ ಕಾಗದದ ಪಕ್ಕದಲ್ಲೇ ಓಡುತ್ತಿದೆ. ಬೀದಿಯಲ್ಲಿ ಸದ್ದಿಲ್ಲದ್ದರಿಂದ ಚೆನ್ನಾಗಿ ಕೇಳಿಸುತ್ತದೆ. ಮೆತ್ತಗೆ, ನಿಮ್ಮ ಅಂಗಡಿಯ ಸದ್ದು. ಆರೇ ಸುತ್ತು ಕೀ ಕೊಟ್ಟಿದ್ದೇನೆ, ಹನ್ನೊಂದು ಕೊಡಲು ನನ್ನಿಂದ ಆಗಲಿಲ್ಲ.

ಗಡಿಯಾರ ಓಡಿತು. ನನ್ನ ಎದೆ ಹಗುರಾಗಬೇಕಿತ್ತು. ಆಗಿಲ್ಲ. ಇದನ್ನು ತೋರಿಸಿ ಏನು ಹೇಳಲಿ? ಮರೆತವನ ಮಗಳು ಮರೆಯದೆ ಮಾಡಿದಳು ಅನ್ನಲೇ? ಅದು ನಿಮಗೆ ಇನ್ನೊಂದು ಏಟು.

ಬರುವ ಬುಧವಾರ, ಹತ್ತೊಂಬತ್ತರ ರಾತ್ರಿಯ ರೈಲಿಗೆ ಹೊರಟು ಗುರುವಾರ ಬೆಳಗ್ಗೆ ಹೊಸಪೇಟೆಗೆ ಬರುತ್ತೇನೆ. ಆಸ್ಪತ್ರೆಗೆ ಬರುವಾಗ ಸ್ವೆಟರ್ ಹಾಕಿಕೊಳ್ಳಿ, ಆ ಎಸಿ ಕೋಣೆ ಕೊರೆಯುತ್ತದೆ. ಡಾಕ್ಟರಮ್ಮ ಕೊಟ್ಟ ಹನಿಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳಿ, ಸೀಸೆಯ ಮೇಲಿನ ತಾರೀಕು ಅಕ್ಕನಿಗೆ ಓದಲು ಹೇಳಿ. ಅಕ್ಕ, ಭಾವನವರಿಗೆ ನನ್ನ ನಮಸ್ಕಾರ. ನಿಮ್ಮ ಅಳಿಯಂದಿರು ಶರಣು ಹೇಳಿದ್ದಾರೆ. ನಿಮ್ಮ ಪಾದ ಮುಟ್ಟುವ ಯೋಗ್ಯತೆ ಉಳಿಯಲಿ ಎಂದು ಬೇಡಿಕೊಳ್ಳುವ,

ನಿಮ್ಮ ಮಗಳು
ಮಹಾದೇವಿ

ವಿ.ಸೂ.: ಇವರು ಗಾಡಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾರೆ, ಪೋಸ್ಟಾಫೀಸು ನಾಲ್ಕಕ್ಕೆ ಮುಚ್ಚುತ್ತದೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅಪ್ಪಾಜಿ, ಅವತ್ತು ನೀವು ಬಿಗಿ ಇಳಿಸಿದ್ದಿರಿ. ಇಳಿಸಿಯೇ ಬೀಜ ಇಟ್ಟಿರಿ. ನೀವು ಟೀಗೆ ಹೋದ ಮೇಲೆ ನಾನು ಕೀ ಕೊಟ್ಟೆ. ಎಷ್ಟು ಸುತ್ತಿಗೆ ತುಂಬುತ್ತದೆ ಎಂದು ಎಣಿಸಿ ನಿಮಗೆ ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಅಂತ. ಹನ್ನೊಂದು ಸುತ್ತು. ಅಷ್ಟರಲ್ಲಿ ಬೆಲ್ಟ್ ಕೇಳಿಕೊಂಡು ಯಾರೋ ಬಂದರು, ನಾನು ಆ ಕಡೆ ತಿರುಗಿದೆ, ಬೀಜ ತೆಗೆಯಲಿಲ್ಲ. ನೀವು ಬಂದು ಕೂತದ್ದು, ಬೀಜ ನೋಡಿದ್ದು, ಸ್ಕ್ರೂಡ್ರೈವರ್ ಎತ್ತಿದ್ದು, ಎಲ್ಲಾ ಕಂಡೆ. ಗಿರಾಕಿ ಎದುರು ಬೈಯುತ್ತೀರಿ ಎಂದು ಹೆದರಿದೆ. ಅವರು ಹೋಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ಆ ಆಮೇಲೆ ಇವತ್ತು ಬಂತು. ನೀವು ಮರೆತಿರಲಿಲ್ಲ. ಒಂದು ದಿನವೂ ಮರೆತವರಲ್ಲ. ಗುರುವಾರ ಆ ಡಾಕ್ಟರಮ್ಮನ ಕೈಗೆ ಕಣ್ಣು ಕೊಡಿ, ಕಟ್ಟು ಬಿಚ್ಚಿದ ಮೇಲೆ ನನ್ನ ಮುಖ ನೋಡಿ ಏನು ಬೈಯಬೇಕೋ ಬೈಯಿರಿ, ನಾನು ಎದುರಿಗೇ ಇರುತ್ತೇನೆ. ಬೀಜವನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ, ತಡವಿದರೆ ಕೈಗೆ ಸಿಗುತ್ತದೆ. ಅವತ್ತು ನೀವು ಇಟ್ಟಾಗ ಅದು ಸುಳ್ಳು ಹೇಳಿರಲಿಲ್ಲ.